ಬಿಚ್ಚಿದ ಪಟ್ಟಿಯ ಗುರುತು

ಅನುಮಾನ ಕೆಲವರಿಗೆ ಕಾಯಿಲೆ, ಕೆಲವರಿಗೆ ಕಾಲಕ್ಷೇಪ. ಬೀಗದ ಸಾಹೇಬರಿಗೆ ಅದು ಸಂಬಳ ತಂದುಕೊಟ್ಟ ಉದ್ಯೋಗವಾಗಿತ್ತು. ಬಂದರಿನ ಪಕ್ಕದ ಸೈನ್ಯದ ಬಟ್ಟೆ ಉಗ್ರಾಣದಲ್ಲಿ ಅವರ ಸರ್ವೀಸೆಲ್ಲ ಕಳೆದಿತ್ತು. ಹರಿದ ಪ್ಯಾಂಟು ಹಿಡಿದು ಹೊಸದು ಕೇಳಲು ಬಂದ ಸಿಪಾಯಿಯ ಮುಖವನ್ನು ಅವರು ನೋಡುತ್ತಲೇ ಇರಲಿಲ್ಲ. ಹರಿದ ಜಾಗದ ದಾರದ ತುದಿ ನೋಡಿ, ಇದು ಬೇಲಿಗೆ ಸಿಕ್ಕಿ ಹರಿದದ್ದೋ ಬ್ಲೇಡು ಹಾಕಿ ಹರಿದದ್ದೋ ಎಂದು ಅಲ್ಲೇ ತೀರ್ಪು ಕೊಟ್ಟುಬಿಡುತ್ತಿದ್ದರು. ಸೊಂಟದಲ್ಲಿ ಸದಾ ಕೀಲಿಗೊಂಚಲು ಇರುತ್ತಿದ್ದದ್ದರಿಂದ ಹುಡುಗರು ಬೀಗದ ಸಾಹೇಬರು ಎಂದು ಹೆಸರಿಟ್ಟರು. ಆ ಹೆಸರು ಅವರ ಜೊತೆಗೇ ಮನೆಗೂ ಬಂತು.

ನಿವೃತ್ತಿಯ ದಿನ ಕೀಲಿಗೊಂಚಲನ್ನು ಒಪ್ಪಿಸಿ ಸಹಿ ಹಾಕಿದರು. ಅನುಮಾನವನ್ನೂ ಒಪ್ಪಿಸಿ ಹೋಗಿ ಎಂದು ಯಾರೂ ಕೇಳಲಿಲ್ಲ, ಹಾಗಾಗಿ ಅದು ಅವರಲ್ಲೇ ಉಳಿಯಿತು. ಮನೆಯಲ್ಲಿ ಸೋಪು ಬೇಗ ಸವೆದರೆ ತನಿಖೆ, ಕಿಟಕಿಯ ಪರದೆ ಒಂದು ಕಡೆ ಜೋತುಬಿದ್ದರೆ ತನಿಖೆ. "ಇವರ ಕಣ್ಣಿಗೆ ಬೀಳದ ಹಾಗೆ ಇರುವೆ ಕೂಡ ಗೋಡೆ ಹತ್ತೋ ಹಾಗಿಲ್ಲ," ಎಂದು ಅವರ ಹೆಂಡತಿ ನೆರೆಮನೆಯವರ ಮುಂದೆ ಹೇಳಿಕೊಳ್ಳುವುದಿತ್ತು. ಹೇಳಿ ನಗುತ್ತಿದ್ದರು, ಪುಣ್ಯಾತ್ಗಿತ್ತಿ. ನಗದೆ ಆ ಮನೆಯಲ್ಲಿ ಬಾಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಇಂಥ ಬೀಗದ ಸಾಹೇಬರು ಬೀಗರಾಗುವ ಕಾಲ ಬಂದದ್ದು ಮಗಳ ದೆಸೆಯಿಂದ. ಮಗಳು ಸೈನ್ಯದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ಹೊಸದಾಗಿ ಸೇರಿದವರಿಗೆ ಲಾರಿ ಓಡಿಸಲು ಕಲಿಸುವ ಒಬ್ಬ ಹುಡುಗ ಭುಜ ನೋವೆಂದು ಬಂದಿದ್ದ. ಭುಜ ವಾಸಿಯಾದ ಮೇಲೂ ಬರುತ್ತಿದ್ದ. ಮಗಳು ಮೂಳೆಯ ಒಳಗನ್ನೂ ನೋಡಿ ಒಪ್ಪಿಕೊಂಡಿದ್ದ ಆ ಹುಡುಗನನ್ನು ಅಪ್ಪ ಅಂಗಿಯ ಮೇಲಿನಿಂದಲೇ ನೋಡಿ ಅನುಮಾನಿಸತೊಡಗಿದರು.

ಮೊದಲ ಸಲ ಮನೆಗೆ ಬಂದಾಗ ಹುಡುಗ ಬ್ಯಾರಕ್ಕಿನಿಂದ ನೇರವಾಗಿ ಯೂನಿಫಾರ್ಮಿನಲ್ಲೇ ಬಂದಿದ್ದ. ಸಾಹೇಬರು ಕೂರು ಎನ್ನುವ ಮೊದಲೇ ಅವನನ್ನು ಓದಿ ಮುಗಿಸಿದ್ದರು. ಎದೆಯ ಬಲಗಡೆ ಜೇಬಿನ ಮೇಲೆ ಹೆಸರಿನ ಪಟ್ಟಿ: ಚಿಕ್ಕ ಹೆಸರು, ಪಟ್ಟಿಯೂ ಗೇಣಿಗಿಂತ ಎಷ್ಟೋ ಚಿಕ್ಕದು. ತೋಳಿನಲ್ಲಿ ಎರಡು ಪಟ್ಟಿಯ ದರ್ಜೆ, ಸರಿ. ಎಡತೋಳಿನ ಮೇಲ್ಭಾಗದಲ್ಲಿ ಈಗಿರುವ ರೆಜಿಮೆಂಟಿನ ಬ್ಯಾಡ್ಜು, ಅದೂ ಸರಿ. ಬಲತೋಳು ಮಾತ್ರ ಬೋಳು.

ಆ ಸೈನ್ಯದಲ್ಲಿ ಒಂದು ಪದ್ಧತಿಯಿತ್ತು. ಎಡತೋಳಿನ ಬ್ಯಾಡ್ಜು ವರ್ಗವಾದಾಗಲೆಲ್ಲ ಬದಲಾಗುತ್ತದೆ. ಯುದ್ಧ ಕಂಡವನು ಮಾತ್ರ, ಯಾವ ರೆಜಿಮೆಂಟಿನ ಜೊತೆ ಕಂಡನೋ ಅದರ ಬ್ಯಾಡ್ಜನ್ನು ಬಲತೋಳಿಗೆ ಹೊಲಿಸಿಕೊಳ್ಳಬಹುದು. ಅದು ಸಾಯುವ ತನಕ ಅವನದು. ಅದನ್ನು ಹೊಲಿಸಿಕೊಳ್ಳಲು ಜನ ಬ್ಯಾರಕ್ಕಿನ ಗೇಟಿನ ದರ್ಜಿಯ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದರು. ಅದನ್ನು ಬಿಟ್ಟುಕೊಟ್ಟವನನ್ನು ಸಾಹೇಬರು ಕಂಡಿರಲಿಲ್ಲ.

"ಮರಳುಗಾಡಿಗೆ ಹೋಗಿದ್ಯಂತೆ?" ಎಂದು ಕೇಳಿದರು.

"ಹೌದು ಸರ್."

"ಬಲತೋಳು ಖಾಲಿ ಇದೆಯಲ್ಲಪ್ಪಾ?"

"ಹೊಲಿಸಿಲ್ಲ ಸರ್."

ಅಷ್ಟೇ. ಹುಡುಗನ ಮಾತು ಎಣಿಸಿ ಕೊಟ್ಟ ಹಾಗಿತ್ತು. ಅದಕ್ಕಿಂತ ಸಾಹೇಬರಿಗೆ ಚುಚ್ಚಿದ್ದು ಅವನ ಕಣ್ಣು. ಅದು ಮತ್ತೆ ಮತ್ತೆ ಎದುರು ಗೋಡೆಯ ಫೋಟೋದ ಮೇಲೆ ಹೋಗಿ ನಿಲ್ಲುತ್ತಿತ್ತು.

ಆ ಫೋಟೋ ಸಾಹೇಬರ ಹೆಮ್ಮೆ. ಮರಳುಗಾಡಿನ ಯುದ್ಧದ ವರ್ಷ ದೊಡ್ಡ ಅಧಿಕಾರಿಯೊಬ್ಬರು ಉಗ್ರಾಣ ತಪಾಸಣೆಗೆ ಬಂದಾಗ ತೆಗೆದದ್ದು. ಅದರಲ್ಲಿ ಸಾಹೇಬರು ಹೊಚ್ಚ ಹೊಸ ಮರಳು ಯೂನಿಫಾರ್ಮಿನಲ್ಲಿ ಎದೆ ಸೆಟೆಸಿ ನಿಂತಿದ್ದರು. ಹಸಿರು ಕಾಡು ಯೂನಿಫಾರ್ಮಲ್ಲ, ಮರುಭೂಮಿಗೆಂದೇ ಮಾಡಿದ್ದು: ಒಣ ಮರಳಿನ ಬಣ್ಣ, ಅದರ ಮೇಲೆ ಅಲ್ಲಲ್ಲಿ ಮಾಸಲು ಕಂದು ಮಚ್ಚೆ. ತೋಳಿನ ಇಸ್ತ್ರಿಗೆರೆ ಹಿಡಿದರೆ ಕೈ ಕುಯ್ಯುವಂತಿತ್ತು. ಪಟ್ಟಿ, ಹೆಸರು, ಬ್ಯಾಡ್ಜು ಎಲ್ಲ ಕೂದಲೆಳೆಯಷ್ಟೂ ಓರೆಯಿಲ್ಲದೆ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಸಾಹೇಬರು ಮರಳುಗಾಡನ್ನು ಕಂಡವರಲ್ಲ, ಬಂದರು ಬಿಟ್ಟು ಕದಲಿದವರೂ ಅಲ್ಲ. ಅಂದು ಉಗ್ರಾಣದವರೆಲ್ಲ ಆ ಬಟ್ಟೆ ತೊಟ್ಟು ನಿಲ್ಲಬೇಕೆಂದು ಅವರೇ ಏರ್ಪಾಡು ಮಾಡಿದ್ದರು. ಬೆನ್ನ ಹಿಂದೆ ನೆಲದಿಂದ ಸೂರಿನ ತನಕ ಕಪಾಟುಗಳು, ಕಪಾಟಿನ ತುಂಬ ಮಡಿಸಿಟ್ಟ ಅದೇ ಅಂಗಿಗಳು.

"ಇದು ಯಾವಾಗ ತೆಗೆದದ್ದು ಸರ್?" ಎಂದು ಹುಡುಗ ಕೇಳಿದ.

ಕೇಳಿದವರಿಗೂ ಕೇಳದವರಿಗೂ ಸಾಹೇಬರು ಈ ಕತೆ ಹೇಳುತ್ತಿದ್ದರು. ಯುದ್ಧ ನಡೀತಿರೋವಾಗಲೇ, ಬೇಸಿಗೆ ಶುರುವಿನಲ್ಲಿ, ಅಧಿಕಾರಿ ಬಂದರು, ಕಪಾಟು ನೋಡಿದರು, ಇಷ್ಟು ತುಂಬಿದ ಉಗ್ರಾಣ ನಾನು ನೋಡೇ ಇಲ್ಲ ಅಂತ ಎಲ್ಲರೆದುರು ಕೈ ಕುಲುಕಿದರು. ಹುಡುಗ "ಓ" ಎಂದ. ಆಮೇಲೆ ಅವನ ಮುಂದಿದ್ದ ಟೀ ಕೆನೆಗಟ್ಟಿ ಆರಿಹೋಯಿತು, ಅವನು ಲೋಟ ಮುಟ್ಟಲಿಲ್ಲ.

ಅವನು ಹೋದ ಮೇಲೆ ಸಾಹೇಬರು ಹೆಂಡತಿಗೆ ಹೇಳಿದರು: "ಆ ಹುಡುಗನ ಕಣ್ಣು ಸರಿ ಇಲ್ಲ ಕಣೇ. ಫೋಟೋನ ಹೆಂಗೆ ನುಂಗೋ ಹಾಗೆ ನೋಡ್ತಿದ್ದ ನೋಡಿದ್ಯಾ? ಹೊಟ್ಟೆಕಿಚ್ಚು."

"ನಿಮ್ಮ ಮುಖ ನೋಡಿ ಹೊಟ್ಟೆಕಿಚ್ಚು ಪಡೋರೂ ಇದ್ದಾರಾ?" ಎಂದರು ಹೆಂಡತಿ. "ಅವಳು ಇಷ್ಟಪಟ್ಟಿದ್ದಾಳೆ. ನೀವು ಸುಮ್ನೆ ತಲೆಗೆ ಹುಳ ಬಿಟ್ಕೋಬೇಡಿ."

ಹುಳ ಆಗಲೇ ಒಳಗೆ ಸೇರಿತ್ತು. ಸಾಹೇಬರ ಲೆಕ್ಕ ಹೀಗಿತ್ತು: ಮರಳುಗಾಡಿಗೆ ಹೋದವನಾದರೆ ಬಲತೋಳಿನ ಬ್ಯಾಡ್ಜು ಎಲ್ಲಿ? ಹೊಲಿಸಿಲ್ಲ ಅಂದರೆ ಹೋಗೇ ಇಲ್ಲ, ಇಲ್ಲವೇ ಹೋಗಿ ಏನೋ ಘನಂದಾರಿ ಕೆಲಸ ಮಾಡಿ ಕಳಕೊಂಡಿದ್ದಾನೆ. ಎರಡರಲ್ಲಿ ಯಾವುದಾದರೂ ಮಗಳನ್ನು ಕೊಡುವ ಮಾತೇ ಇಲ್ಲ.

ಮುಂದಿನ ರಜೆಗೆ ಮನೆಯ ನೀರಿನ ಮೋಟರು ಕೆಟ್ಟು ನಿಂತಿತು. ಮಗಳು ಫೋನು ಮಾಡಿದ್ದೇ ತಡ, ಹುಡುಗ ಸ್ಪ್ಯಾನರಿನ ಚೀಲ ಹಿಡಿದು ಬಂದ. ಮೈಮೇಲೆ ಕೆಲಸಕ್ಕೆಂದು ಹಾಕಿಕೊಂಡ ಹಳೆಯ ಅಂಗಿ. ಅದು ಮರಳು ಯೂನಿಫಾರ್ಮಿನ ಅಂಗಿ, ಬಿಸಿಲಿಗೆ ಬೆಂದು ಮಚ್ಚೆಗಳೆಲ್ಲ ಕರಗಿ ಒಂದರೊಳಗೊಂದು ಸೇರಿಹೋಗಿದ್ದವು. ಮೋಟರು ನೀರೆತ್ತುವ ಹೊತ್ತಿಗೆ ಅಂಗಿಯ ತುಂಬ ಗ್ರೀಸು. ಸಾಹೇಬರ ಹೆಂಡತಿ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅಂಗಿ ಬಿಚ್ಚಿಸಿಕೊಂಡು, ಗಂಡನದೊಂದು ಶರಟು ಕೊಟ್ಟು ಕಳಿಸಿದರು. "ಒಗೆದಿಟ್ಟಿರ್ತೀನಿ, ಬಂದಾಗ ತಗೊಂಡು ಹೋಗು," ಎಂದರು.

"ಉಜ್ಜಬೇಡಿ ಅಮ್ಮಾ, ಸುಮ್ನೆ ನೀರಿಗೆ ಹಾಕಿ ಸಾಕು," ಎಂದ ಹುಡುಗ. ಗೇಟಿನ ತನಕ ಹೋದವನು ತಿರುಗಿ ಬಂದು ಅದನ್ನೇ ಇನ್ನೊಂದು ಸಲ ಹೇಳಿದ. ಅಷ್ಟು ಹಳೆಯ ಅಂಗಿಗೆ ಅಷ್ಟು ಕಾಳಜಿ! ಸಾಹೇಬರ ಕಿವಿ ನೆಟ್ಟಗಾಯಿತು.

ಮಧ್ಯಾಹ್ನ ಅಂಗಿ ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಸಾಹೇಬರು ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡು, ಏನೂ ಕೆಲಸವಿಲ್ಲದವರ ಹಾಗೆ ಅದರ ಮುಂದೆ ನಿಂತರು. ನಿಂತವರ ಹಲ್ಲುಕಡ್ಡಿ ಬಾಯಿಂದ ಕೆಳಗೆ ಬಿತ್ತು.

ಬಿಸಿಲಿಗೆ ಬಟ್ಟೆ ಮಾಸುತ್ತದೆ, ಬ್ಯಾಡ್ಜಿನ ಕೆಳಗಿನ ಬಟ್ಟೆ ಮಾಸುವುದಿಲ್ಲ. ಬ್ಯಾಡ್ಜು ಬಿಚ್ಚಿದರೂ ಅದರ ಆಕಾರ ಬಟ್ಟೆಯ ಮೇಲೆ ಗಾಢವಾಗಿ ಉಳಿದುಬಿಡುತ್ತದೆ. ಇದು ಉಗ್ರಾಣದವರಿಗೆಲ್ಲ ಗೊತ್ತಿದ್ದ ಸಂಗತಿ. ಈ ಅಂಗಿಯ ತೋಳಿನಲ್ಲಿ ಎರಡು ಪಟ್ಟಿಯ ಗುರುತು ಇರಬೇಕಿತ್ತು. ಇದ್ದದ್ದು ಮೂರು. ಬಾಣದ ತಲೆಯ ಹಾಗೆ ಒಂದರ ಕೆಳಗೊಂದು, ಸ್ಪಷ್ಟವಾಗಿ ಮೂರು. ಅದರ ಮೇಲೆ ಅಡ್ಡಾದಿಡ್ಡಿ ಸೂಜಿಯ ತೂತುಗಳು, ಅಲ್ಲೊಂದು ಕಡೆ ಒಂಟಿ ಪಟ್ಟಿಯ ಮಸುಕು ನೆರಳು. ಸಾಹೇಬರು ಎದೆಯ ಭಾಗವನ್ನು ತಿರುಗಿಸಿ ನೋಡಿದರು. ಜೇಬಿನ ಮೇಲೆ ಹೆಸರಿನ ಪಟ್ಟಿಯ ಗುರುತು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯ್ದಿತ್ತು. ಹುಡುಗನ ಹೆಸರನ್ನು ಎರಡು ಸಲ ಬರೆದರೂ ಅಷ್ಟು ಉದ್ದ ಆಗುವುದಿಲ್ಲ.

ಸಾಹೇಬರ ಎದೆ ಧಸಕ್ಕೆಂದಿತು. ಸುಳ್ಳು ಯಾಕೆ ಹೇಳಬೇಕು, ಅದರ ಹಿಂದೆಯೇ ಒಂದು ಸಂತೋಷವೂ ಆಯಿತು. ಕಳ್ಳ ಸಿಕ್ಕಿಬಿದ್ದಾಗ ಕಾವಲುಗಾರನಿಗೆ ಆಗುವ ಸಂತೋಷ.

ಅಂಗಿ ಆರುವುದನ್ನೂ ಕಾಯದೆ ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬ್ಯಾರಕ್ಕಿನ ಗೇಟಿನ ದರ್ಜಿಯ ಅಂಗಡಿಗೆ ಹೋದರು. ದರ್ಜಿ ಅವರ ಹಳೆಯ ಸ್ನೇಹಿತ, ಜೀವಮಾನವಿಡೀ ಪಟ್ಟಿ ಹೊಲಿದು ಪಟ್ಟಿ ಬಿಚ್ಚಿ ಬೆನ್ನು ಬಾಗಿದವನು. ಅಂಗಡಿ ಎಂದರೆ ಒಂದು ಮಿಷನ್ನು, ಒಂದು ಸ್ಟೂಲು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಬ್ಯಾಡ್ಜುಗಳ ಸರ.

"ಗುಂಡಿ ಹಾಕ್ಸೋಕೆ ಬಂದ್ರಾ?" ಎಂದ ದರ್ಜಿ.

"ಗುಂಡಿ ಆಮೇಲೆ. ಈ ತೋಳು ನೋಡಿ ಏನು ಹೇಳತ್ತೆ ಹೇಳು. ನಾನೇನೂ ಹೇಳಲ್ಲ."

ದರ್ಜಿ ಕನ್ನಡಕ ಹಣೆಗೇರಿಸಿ, ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. "ಮೊದಲು ಮೂರು ಪಟ್ಟಿ ಇತ್ತು. ಅದು ಮಿಷನ್ ಹೊಲಿಗೆ, ಬಹಳ ಕಾಲ ಇತ್ತು. ಆಮೇಲೆ ಬಿಚ್ಚಿದ್ದಾರೆ. ಅದರ ಮೇಲೆ ಒಂದು ಪಟ್ಟಿ, ಕೈಹೊಲಿಗೆ, ದೊಡ್ಡ ದೊಡ್ಡ ಟಾಕು. ಮತ್ತೆ ಬಿಚ್ಚಿದ್ದಾರೆ. ಮತ್ತೆ ಹೊಲಿದಿದ್ದಾರೆ. ಥೂ, ಯಾರ್ರೀ ಇವನು? ಇಷ್ಟು ಸಲ ಏರಿ ಇಳಿಯೋಕೆ ಇದೇನು ಏಣೀನಾ?"

"ಮೂರಿದ್ದದ್ದು ಒಂದಾಯ್ತು ಅಂದ್ರೆ?"

"ಅಂದ್ರೆ ಏನು, ನಿಮಗೆ ಗೊತ್ತಿಲ್ವಾ? ಕಿತ್ತು ಹಾಕಿರ್ತಾರೆ. ಏನೋ ಭಾರಿ ತಪ್ಪೇ ಮಾಡಿರ್ಬೇಕು." ದರ್ಜಿ ಅಂಗಿಯ ಎದೆಯ ಮೇಲೆ ಬೆರಳಾಡಿಸಿದ. "ಹೆಸರೂ ಬದಲಾಗಿದೆ, ನೋಡಿ. ಯಾರದಿದು?"

"ನಮ್ಮ ಪರಿಚಯದವರದು," ಎಂದರು ಸಾಹೇಬರು. ಅಳಿಯ ಆಗೋನದು ಎನ್ನಲು ನಾಲಿಗೆ ಏಳಲಿಲ್ಲ. ಗುಂಡಿ ಹಾಕಿಸುವುದನ್ನೂ ಮರೆತು ಎದ್ದು ಬಂದರು.

ದಾರಿಯುದ್ದಕ್ಕೂ ಅಂಗಿ ಕಂಕುಳಲ್ಲಿ ತಣ್ಣಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಸಂತೋಷ ಅಷ್ಟು ಹೊತ್ತಿಗೆ ಇಳಿದುಹೋಗಿತ್ತು. ಮಗಳು ಆ ಹುಡುಗನ ಹೆಸರು ಹೇಳುವಾಗ ಅವಳ ಮುಖ ಹೇಗಾಗುತ್ತದೆ ಎನ್ನುವುದನ್ನು ಅವರು ನೋಡಿದ್ದರು. ಅನುಮಾನ ನಿಜವಾದರೆ ಆ ಮುಖಕ್ಕೆ ಈ ಅಂಗಿಯನ್ನು ಎಸೆಯಬೇಕಾಗುತ್ತದಲ್ಲ ಎಂದು ಹೆಜ್ಜೆ ನಿಧಾನವಾಯಿತು. ಎಷ್ಟೇ ಆದರೂ ಅಪ್ಪ.

ಸಂಜೆ ಊಟದ ಮೇಜಿನ ಮೇಲೆ ಅಂಗಿ ಹರಡಿ, ಹೆಂಡತಿ ಮಗಳು ಇಬ್ಬರನ್ನೂ ಕರೆದು ಎಲ್ಲ ತೋರಿಸಿದರು. ಮೂರು ಪಟ್ಟಿ, ಒಂದು ಪಟ್ಟಿ, ಉದ್ದ ಹೆಸರು. ಹೆಂಡತಿ ಸೆರಗಿನ ತುದಿ ಬಾಯಿಗಿಟ್ಟುಕೊಂಡರು.

"ಒಬ್ಬನಿಗೆ ಒಂದು ಅಂಗಿ. ನಾನು ಸರ್ವೀಸೆಲ್ಲ ಹಾಗೇ ಕೊಟ್ಟಿದ್ದು," ಎಂದರು ಸಾಹೇಬರು. "ಇದರ ಮೇಲೆ ಏನೇನಿದೆಯೋ ಎಲ್ಲ ತೊಟ್ಟವನ ಚರಿತ್ರೆ. ತೊಟ್ಟವನು ಬೇಕಾದ್ರೆ ಸುಳ್ಳು ಹೇಳ್ತಾನೆ, ಬಟ್ಟೆ ಹೇಳಲ್ಲ. ಇವನು ಏನೋ ಮಾಡಿ ದರ್ಜೆ ಕಳ್ಕೊಂಡು, ಹೆಸರು ಬದಲಾಯಿಸ್ಕೊಂಡು ಬಂದಿದ್ದಾನೆ. ಅದಕ್ಕೇ ಬಲತೋಳು ಖಾಲಿ."

ಮಗಳು ಅಂಗಿಯನ್ನು ಮುಟ್ಟಲಿಲ್ಲ. ಎಕ್ಸ್‌ರೇ ಹಾಳೆ ನೋಡುವ ಹಾಗೆ ಕತ್ತು ಒಂದು ಕಡೆ ವಾಲಿಸಿ ನೋಡಿದಳು. "ಅವನನ್ನೇ ಕೇಳಿ ಅಪ್ಪಾ," ಎಂದಳು.

"ಕೇಳ್ತೀನಿ. ಸುಳ್ಳು ಹೇಳಿದ್ರೆ ಬಂದ ಬಾಗಿಲಿಂದಾನೇ ವಾಪಸ್."

"ನೀವು ಹೇಳಿದ ಹಾಗೇ ಇದ್ರೆ ವಾಪಸ್ ಕಳಿಸೋ ಕೆಲಸ ನಿಮಗೆ ಬೇಡ. ನಾನೇ ಕಳಿಸ್ತೀನಿ." ಅವಳು ಅಪ್ಪನ ಕಡೆ ತಿರುಗಿದಳು. "ಹಾಗಿಲ್ದೆ ಇದ್ರೆ?"

ಸಾಹೇಬರು ಆ ಕಡೆಯಿಂದ ಯೋಚಿಸಿಯೇ ಇರಲಿಲ್ಲ. ಅಂಗಿ ಮಡಿಸಲು ಶುರುಮಾಡಿದರು.

ಭಾನುವಾರ ಬೆಳಿಗ್ಗೆ ಹುಡುಗ ಬಂದ. ಸಾಹೇಬರ ಶರಟನ್ನು ಒಗೆದು ಇಸ್ತ್ರಿ ಮಾಡಿ ತಂದಿದ್ದ. ಮುಂದಿನ ಭಾನುವಾರ ತಾಯಿಯನ್ನು ಮಾತುಕತೆಗೆ ಕರೆತರುವುದೆಂದು ಆಗಲೇ ಮಾತಾಗಿತ್ತು. ಸಾಹೇಬರು ಅವನನ್ನು ಫೋಟೋದ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ, ಮಗಳು ಕಿಟಕಿಯ ಪಕ್ಕ. ಟೀ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಸಾಹೇಬರು ಮರಳು ಅಂಗಿಯನ್ನು ತಂದು, ತೋಳು ಮೇಲೆ ಬರುವ ಹಾಗೆ ಅವನ ಮುಂದಿಟ್ಟರು.

"ಇದು ಯಾರ ಅಂಗಿ?"

ಹುಡುಗ ಅಂಗಿ ನೋಡಿದ, ಅವರನ್ನು ನೋಡಿದ. ಅವನಿಗೆ ಅರ್ಥವಾಯಿತು ಎಂದು ಸಾಹೇಬರಿಗೂ ಅರ್ಥವಾಯಿತು.

"ಇದು ನಾವೆಲ್ಲ ಹಾಕ್ಕೊಂಡಿದ್ದ ಅಂಗಿ ಸರ್," ಎಂದ.

"ನಾವೆಲ್ಲ ಅಂದ್ರೆ? ಅಂಗಿ ಒಬ್ಬನಿಗೆ ಕೊಡೋದು. ಛತ್ರದ ಚಾಪೇನಾ ಇದು?"

"ಚಾಪೇನೇ ಆಗಿತ್ತು ಸರ್." ಹುಡುಗ ನಗಲಿಲ್ಲ. "ನಾನು ಮರಳುಗಾಡಿಗೆ ಹೋಗಿದ್ದು ಮಧ್ಯದಲ್ಲಿ. ಹೊಸಬರ ಗುಂಪು ನಮ್ದು. ಹೋಗುವಾಗ ಕಾಡು ಯೂನಿಫಾರ್ಮು ಕೊಟ್ಟು ಕಳಿಸಿದ್ರು. ಮರಳಿಂದು ಹಿಂದಿನಿಂದ ಬರತ್ತೆ ಅಂದ್ರು. ಬರ್ಲಿಲ್ಲ. ಆ ಬಯಲಲ್ಲಿ ಹಸಿರು ಹಾಕ್ಕೊಂಡು ನಿಂತ್ರೆ ಹೇಗಿರತ್ತೆ ಗೊತ್ತಾ ಸರ್? ಒಂದು ಗಿಡ ಇಲ್ಲ. ನಾವೇ ಗಿಡ. ಎಷ್ಟು ದೂರದಿಂದ ಬೇಕಾದ್ರೂ ಕಾಣ್ತೀವಿ."

ಸಾಹೇಬರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮೊದಲಿಂದ ಇದ್ದೋರ ಹತ್ರ ಮರಳಿಂದು ಇತ್ತು. ನಮ್ಮ ಗುಂಪಿನ ಮೂರು ಪಟ್ಟಿಯವರು ಒಂದು ಪದ್ಧತಿ ಮಾಡಿದ್ರು. ಯಾರು ಹೊರಗೆ ಹೋಗ್ತಾರೋ ಅವರಿಗೆ ಮರಳಂಗಿ. ವಾಪಸ್ ಬಂದೋರು ಬಿಚ್ಚಿ ಕೊಡೋದು, ಹೋಗೋರು ಹಾಕ್ಕೊಳ್ಳೋದು. ಬೆವರು ಆರಿರ್ತಿರ್ಲಿಲ್ಲ. ಆದ್ರೆ ಪಟ್ಟಿ, ಹೆಸರು ಮಾತ್ರ ಅವರವರದೇ ಇರ್ಬೇಕು ಅನ್ನೋರು. ಬಿದ್ರೆ ಯಾರು ಬಿದ್ರು ಅಂತ ಗೊತ್ತಾಗ್ಬೇಕಲ್ಲ. ಅದಕ್ಕೇ ಪ್ರತಿ ಸಲ ಬಿಚ್ಚೋದು, ಹೊಲಿಯೋದು. ಲಾರಿ ಹೊರಡೋ ಮುಂಚೆ ಎಲ್ಲರ ಕೈಯಲ್ಲೂ ಸೂಜಿ ಇರ್ತಿತ್ತು."

ಕಿಟಕಿಯ ಬಳಿ ಮಗಳು ಉಸಿರು ಬಿಡುವ ಸದ್ದು ಕೇಳಿಸಿತು.

"ಈ ಅಂಗಿ ಅವರದು. ಈ ಮೂರು ಪಟ್ಟಿ, ಈ ಉದ್ದ ಹೆಸರು ಅವರದು. ಅಷ್ಟುದ್ದ ಹೆಸರು ಹೊಲಿಯೋಷ್ಟರಲ್ಲಿ ಯುದ್ಧಾನೇ ಮುಗಿಯತ್ತೆ ಅಂತ ನಾವು ರೇಗಿಸ್ತಿದ್ವಿ." ಹುಡುಗ ಬೆರಳನ್ನು ಗುರುತಿನ ಹತ್ತಿರ ತಂದ, ಮುಟ್ಟಲಿಲ್ಲ. "ಒಂದಿನ ಅವರೂ ನಾನೂ ಇಬ್ಬರೂ ಹೋಗ್ಬೇಕಿತ್ತು. ಅಂಗಿ ಇದ್ದದ್ದು ಒಂದೇ. ನಾನು ಅವರ ಪಟ್ಟಿ ಹೊಲಿಯೋಕೆ ಕೂತೆ. ಅವರು ಸೂಜಿ ಕಿತ್ಕೊಂಡು, ನೀನು ಹಾಕ್ಕೋ, ನಿಮ್ಮಮ್ಮ ನನ್ನ ಬೈತಾಳೆ ಅಂದ್ರು. ತಮಾಷೆ ಮಾಡ್ತಾನೇ ನನ್ನ ಒಂಟಿ ಪಟ್ಟಿ ಹೊಲಿದುಕೊಟ್ರು. ಆ ದೊಡ್ಡ ಟಾಕು ಅವರದೇ. ಅವರಿಗೆ ಹೊಲಿಗೆ ಬರ್ತಿರ್ಲಿಲ್ಲ."

ಮುಂದಿನದನ್ನು ಯಾರೂ ಕೇಳಬೇಕಾಗಿರಲಿಲ್ಲ. ಆದರೂ ಅವನೇ ಹೇಳಿದ: "ಅವರು ಹಸಿರಲ್ಲಿ ಬಂದ್ರು ಸರ್. ನನ್ನ ಪಕ್ಕದಲ್ಲೇ ಇದ್ರು. ನಾನು ಕಾಣಲಿಲ್ಲ, ಅವರು ಕಂಡ್ರು."

ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಕಣ್ಣೊರೆಸಿಕೊಂಡರು. ಆದರೂ ಹಳೆಯ ಅಭ್ಯಾಸ, ಸಾಹೇಬರ ಬಾಯಿ ತಾನಾಗಿಯೇ ಕೇಳಿತು: "ಮತ್ತೆ ಬಲತೋಳಿನ ಬ್ಯಾಡ್ಜು?"

"ಕೊಟ್ರು. ನನ್ನ ಪೆಟ್ಟಿಗೆಯಲ್ಲಿದೆ. ಅವರಿಗೆ ಹೊಲಿಸ್ಕೊಳ್ಳೋಕೆ ಆಗ್ಲಿಲ್ಲ, ನಾನ್ಯಾಕೆ ಹೊಲಿಸ್ಕೊಳ್ಳಲಿ ಅನ್ನಿಸ್ತು. ಅಷ್ಟೇ ಸರ್. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ."

ಸಾಹೇಬರು ಒಳಗೇ ಹುಡುಕಾಡಿದರು. ಎಲ್ಲಾದರೂ ಒಂದು ತೂತು, ಒಂದು ಬಿಟ್ಟುಹೋದ ಹೊಲಿಗೆ. ಏನೂ ಸಿಗಲಿಲ್ಲ. ಒಬ್ಬನಿಗೆ ಒಂದು ಅಂಗಿ ಎಂದು ಅವರು ಉಗ್ರಾಣದಲ್ಲಿ ಕೂತು ನಂಬಿದ್ದರು, ಆ ನಂಬಿಕೆಯಿಂದಲೇ ಅಂಗಿಯನ್ನು ಓದಿದ್ದರು. ಬಟ್ಟೆ ಸುಳ್ಳು ಹೇಳಿರಲಿಲ್ಲ. ಓದಿದವರು ತಪ್ಪು ಓದಿದ್ದರು.

"ಯಾಕೆ ಬರ್ಲಿಲ್ಲ?" ಎಂದು ಅಷ್ಟರಲ್ಲಿ ಮಗಳು ಕೇಳಿದಳು. "ಮರಳಿನ ಬಟ್ಟೆ ಹಿಂದಿನಿಂದ ಬರತ್ತೆ ಅಂದಿದ್ರಲ್ಲ, ಯಾಕೆ ಬರ್ಲಿಲ್ಲ?"

ಹುಡುಗನ ಕಣ್ಣು, ಮೊದಲ ದಿನದಿಂದ ಸಾಹೇಬರಿಗೆ ಚುಚ್ಚುತ್ತಿದ್ದ ಆ ಕಣ್ಣು, ಒಂದು ಗಳಿಗೆ ಮೇಲೆದ್ದು ಗೋಡೆಗೆ ಹೋಗಿ, ತಪ್ಪು ಮಾಡಿದವನ ಹಾಗೆ ಕೆಳಗಿಳಿಯಿತು.

ಸಾಹೇಬರು ತಿರುಗಿ ನೋಡಿದರು. ತಮ್ಮ ಫೋಟೋವನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದರು. ನೋಡಿದಾಗಲೆಲ್ಲ ಮುಖ, ಇಸ್ತ್ರಿಗೆರೆ, ಬ್ಯಾಡ್ಜು. ಈಗ ಮೊದಲ ಬಾರಿ ಹುಡುಗ ನೋಡುತ್ತಿದ್ದದ್ದು ಅವರಿಗೂ ಕಂಡಿತು. ಅವನು ನೋಡುತ್ತಿದ್ದದ್ದು ಅವರನ್ನಲ್ಲ. ಅವರ ಬೆನ್ನ ಹಿಂದಿನ ಕಪಾಟುಗಳನ್ನು. ನೆಲದಿಂದ ಸೂರಿನ ತನಕ, ಮಡಿಕೆ ಮುರಿಯದ ಮರಳು ಅಂಗಿಗಳು.

ಬೇಸಿಗೆ ಶುರುವಿನಲ್ಲಿ. ಯುದ್ಧ ನಡೀತಿರೋವಾಗಲೇ. ಫೋನಿನ ಮೇಲೆ ಫೋನು ಬಂದಿತ್ತು: ಅಂಗಿ ಕಳಿಸಿ, ಹಡಗು ಕಾಯ್ತಿದೆ. ತಪಾಸಣೆ ಮುಗೀಲಿ, ಮುಂದಿನ ಹಡಗಿಗೆ ಹಾಕ್ತೀನಿ ಎಂದಿದ್ದರು ಸಾಹೇಬರು. ದೊಡ್ಡ ಅಧಿಕಾರಿಯ ಮುಂದೆ ಖಾಲಿ ಕಪಾಟು ತೋರಿಸುವುದುಂಟೇ? ಉಗ್ರಾಣ ಎಂದರೆ ತುಂಬಿರಬೇಕು. ಅಂಗಿ ಕೇಳುವವರೆಲ್ಲ ಅವಸರ ಎಂದೇ ಹೇಳುತ್ತಾರೆ, ಅರ್ಧಕ್ಕರ್ಧ ಸುಳ್ಳು ಎಂದು ಅವರಿಗೆ ಅನುಮಾನ. ಅನುಮಾನ ಪಟ್ಟರು, ಬೀಗ ಹಾಕಿದರು. ಕೈ ಕುಲುಕಿಸಿಕೊಂಡರು.

ಅವರು ಹುಡುಗನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತು," ಎಂದರು.

"ಮೊದಲ ದಿನ ಫೋಟೋ ನೋಡಿದಾಗ ಅನುಮಾನ ಬಂತು. ಯಾವಾಗ ತೆಗೆದದ್ದು ಅಂತ ನೀವು ಹೇಳಿದ ಮೇಲೆ ಗೊತ್ತಾಯ್ತು."

"ಆದ್ರೂ ಬಂದೆ. ನಮ್ಮ ಮೋಟರು ರಿಪೇರಿ ಮಾಡ್ದೆ."

"ಆವತ್ತು ಮನೆಗೆ ಹೋಗಿ, ಇನ್ನು ಆ ಕಡೆ ಕಾಲಿಡಬಾರದು ಅಂದ್ಕೊಂಡಿದ್ದೆ ಸರ್. ಆಗ್ಲಿಲ್ಲ." ಹುಡುಗ ಮಗಳ ಕಡೆ ನೋಡದೆಯೇ ಹೇಳಿದ: "ನಾನು ಇವಳನ್ನ ಕೇಳೋಕೆ ಬಂದೋನು, ಲೆಕ್ಕ ಕೇಳೋಕಲ್ಲ. ಈಗ ನೀವೇ ಕೇಳಿದ್ರಿ ಅಂತ ಹೇಳ್ದೆ. ಹೆಣ್ಣು ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು."

ಅಂಗಿ ಎತ್ತಿಕೊಂಡು ಅವನು ಹೊರಟುಬಿಟ್ಟ. ಮಗಳು ಅವನ ಹಿಂದೆಯೇ ಗೇಟಿನ ತನಕ ಹೋದಳು. ಹೋಗುವ ಮುಂಚೆ ಒಂದು ಸಲ ಅಪ್ಪನ ಕಡೆ ತಿರುಗಿ ನೋಡಿದಳು. ಸಾಹೇಬರಿಗೆ ಆ ನೋಟ ಗುರುತಾಯಿತು. ಹರಿದ ಪ್ಯಾಂಟು ಹಿಡಿದು ಬಂದವರನ್ನು ಅವರು ಹಾಗೇ ನೋಡುತ್ತಿದ್ದರು.

ಆ ವಾರ ಮನೆಯಲ್ಲಿ ಸೋಪು ಸವೆದದ್ದನ್ನು ಯಾರೂ ತನಿಖೆ ಮಾಡಲಿಲ್ಲ. ಮಗಳು ಅಪ್ಪನಿಗೆ ತಟ್ಟೆ ಇಡುತ್ತಿದ್ದಳು, ನೀರು ಕೊಡುತ್ತಿದ್ದಳು, ಮಾತು ಮಾತ್ರ ಅಮ್ಮನ ಮೂಲಕ ಬರುತ್ತಿತ್ತು. ಸಾಹೇಬರು ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದರು. ಒಂದು ಬೆಳಿಗ್ಗೆ ಹೆಂಡತಿ ನೋಡುತ್ತಾರೆ, ಗೋಡೆಯ ಮೇಲೆ ಫೋಟೋ ಇಲ್ಲ. ಎಲ್ಲಿಟ್ಟಿರಿ ಎಂದರೆ, "ಮಂಚದ ಕೆಳಗೆ," ಎಂದರು.

"ಆ ಹುಡುಗನಿಗೆ ಹೇಳಿ ಕಳಿಸು, ಭಾನುವಾರ ಅವನ ತಾಯಿ ಬರ್ಲಿ ಅಂತ," ಎಂದೂ ಸೇರಿಸಿದರು. ಇದು ಕೇಳಿಸಲೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ದರು. ಒಳಗಿನ ಕೋಣೆಯಲ್ಲಿ ಮಗಳ ಬಳೆಯ ಸದ್ದು ನಿಂತಿತು.

ಭಾನುವಾರ ಹುಡುಗನ ತಾಯಿ ಬಂದರು. ಗಟ್ಟಿ ಹೆಂಗಸು, ಕಣ್ಣು ಚುರುಕು. ಕೂತ ಕೂಡಲೇ ಮನೆಯನ್ನೆಲ್ಲ ಒಮ್ಮೆ ಅಳೆದು, ಎದುರು ಗೋಡೆಯ ಮೇಲೆ ಕಣ್ಣು ನಿಲ್ಲಿಸಿದರು. ಬಿಸಿಲಿಗೆ, ಧೂಳಿಗೆ ಗೋಡೆಯ ಬಣ್ಣ ಮಾಸಿತ್ತು. ನಡುವೆ ಫೋಟೋ ಇದ್ದಷ್ಟು ಜಾಗ ಮಾತ್ರ ಹೊಸದಾಗಿ ಬಳಿದ ಹಾಗೆ ಗಾಢವಾಗಿ ಎದ್ದು ಕಾಣುತ್ತಿತ್ತು. ಇಷ್ಟು ದಿನ ಫೋಟೋ ಯಾರ ಕಣ್ಣಿಗೂ ಇಷ್ಟು ಬಿದ್ದಿರಲಿಲ್ಲ.

"ಇಲ್ಲೇನಿತ್ತು?" ಎಂದರು ಆಕೆ.

ಸಾಹೇಬರ ಕೈಯಲ್ಲಿದ್ದ ಟೀ ಲೋಟ ನಡುದಾರಿಯಲ್ಲಿ ನಿಂತಿತು. ಯಾರೂ ಉತ್ತರ ಕೊಡುವ ಮೊದಲು ಹುಡುಗನೇ ಅಂದ: "ಏನೋ ಕ್ಯಾಲೆಂಡರ್ ಇತ್ತಮ್ಮಾ."

ಆ ಮನೆಯಲ್ಲಿ ಹುಡುಗ ಹೇಳಿದ ಮೊದಲ ಸುಳ್ಳು ಅದು. ತಮಗಾಗಿ ಹೇಳಿದ್ದು ಎಂದು ಸಾಹೇಬರಿಗೆ ಗೊತ್ತಾಯಿತು, ಕಣ್ಣು ಹನಿಗೂಡಿತು. ಮಗಳು ಟ್ರೇ ಹಿಡಿದು ನಿಂತಲ್ಲಿಂದ ಅಪ್ಪನನ್ನೇ ನೋಡುತ್ತಿದ್ದಳು.

"ಕ್ಯಾಲೆಂಡರ್ ಇಷ್ಟು ಅಗಲ ಇರತ್ತೇನೋ?" ಎಂದರು ತಾಯಿ. ಹುಬ್ಬು ಗಂಟಿಕ್ಕಿ ಆ ಗುರುತನ್ನು ಅಂಚಿನಿಂದ ಅಂಚಿಗೆ ನೋಡಿದರು. "ಏನನ್ನೋ ತೆಗೆದಿಟ್ಟಿದ್ದೀರಿ. ನಾವು ಬರ್ತೀವಿ ಅಂತಾನೇ ತೆಗೆದ ಹಾಗಿದೆ."

"ಹೌದು ತಾಯೀ, ತೆಗೆದಿಟ್ಟಿದ್ದೀನಿ." ಸಾಹೇಬರು ಲೋಟ ಕೆಳಗಿಟ್ಟರು. "ನನ್ನ ಫೋಟೋ ಇತ್ತು ಅಲ್ಲಿ. ನಿಮ್ಮ ಮಗ ಹಸಿರು ಬಟ್ಟೆಯಲ್ಲಿ ಮರಳುಗಾಡಿನಲ್ಲಿ ನಿಂತಿದ್ದಾಗ ತೆಗೆದದ್ದು. ಅದರಲ್ಲಿ ನನ್ನ ಹಿಂದೆ ಏನಿದೆ ಅಂತ ನೀವೂ ನೋಡ್ಬೇಕು. ನೋಡಿದ ಮೇಲೆ ಈ ಮನೆಗೆ ಮಗನ್ನ ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು."

ಹುಡುಗ "ಬೇಡ ಮಾವಾ" ಎಂದು ಅರ್ಧ ಎದ್ದ. ಮಾವ ಎಂದು ಅವನು ಕರೆದದ್ದು ಅದೇ ಮೊದಲಲ್ಲವೇ ಎಂದು ಯಾರೂ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಮಗಳು ಟ್ರೇಯನ್ನು ಮೇಜಿನ ಮೇಲಿಟ್ಟು, "ನೀವು ಕೂತಿರಿ ಅಪ್ಪಾ, ನಾನು ತರ್ತೀನಿ," ಎಂದು ಒಳಗೆ ಹೋದಳು. ಆ ವಾರದಲ್ಲಿ ಅವಳು ಅಪ್ಪನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಮಂಚದ ಕೆಳಗಿನಿಂದ ಫೋಟೋದ ಚೌಕಟ್ಟು ನೆಲಕ್ಕೆ ತಾಗಿ ಉಜ್ಜಿಕೊಂಡು ಹೊರಬರುವ ಸದ್ದು ಎಲ್ಲರಿಗೂ ಕೇಳಿಸಿತು.